ಕರೆಂಟ್ 25 ಸಲವೋ, 15 ಸಲವೋ?

ಈ ಸಲ ಸ್ತನ ಕ್ಯಾನ್ಸರ್‌ನ ಕರೆಂಟ್ ಟ್ರೀಟ್‌ಮೆಂಟ್, ಅಂದರೆ ರೇಡಿಯೇಷನ್ ಬಗ್ಗೆ ಬಂದ ಪತ್ರಗಳೇ ಜಾಸ್ತಿ. ಮೂರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ. ಎದೆಯ ಗಂಟು ತೆಗೆಸಿದ್ದೇವೆ, ಕೀಮೋ ಮುಗಿದಿದೆ. ಒಂದು ಆಸ್ಪತ್ರೆಯಲ್ಲಿ 25 ಸಲ ಕರೆಂಟ್ ಕೊಡಬೇಕು ಅಂದರು, ಇನ್ನೊಂದು ಕಡೆ ತೋರಿಸಿದರೆ 15 ಸಾಕು ಅಂತಾರೆ. ಅವ್ವನಿಗೆ 15ರ ಮೇಲೆ ನಂಬಿಕೆ ಇಲ್ಲ. 'ಕಾರ್ಡಿನವರಿಗೆ ಕಡಿಮೆ ಕೊಟ್ಟು ಕಳಿಸ್ತಾರ' ಅಂತ ಓಣಿಯವರು ಬೇರೆ ತಲೆ ತುಂಬಿದ್ದಾರೆ. ಯಾರ ಮಾತು ಕೇಳೋಣ? (ಗದಗದ ಓದುಗರು)

ಉತ್ತರ: ಅವ್ವನ ರಿಪೋರ್ಟ್ ನಾನು ನೋಡಿಲ್ಲ. ಆದರೆ 15 ಅಂದವರು ನಿಮ್ಮನ್ನು ಸಾಗಹಾಕುತ್ತಿಲ್ಲ, ಅದಂತೂ ಖಾತ್ರಿ. ಓಣಿಯವರಿಗೆ ಈ ಲೆಕ್ಕ ಹೇಳಿ. ಹಳೆಯ ಪದ್ಧತಿಯಲ್ಲಿ ದಿನಕ್ಕೆ 2 ಗ್ರೇ, 25 ಸಲಕ್ಕೆ ಒಟ್ಟು 50 ಗ್ರೇ. ಗ್ರೇ ಅಂದರೆ ಈ ಡೋಸನ್ನು ಅಳೆಯುವ ಅಳತೆ. ಹೊಸದರಲ್ಲಿ ದಿನಕ್ಕೆ ಸುಮಾರು 2.67, 15 ಸಲಕ್ಕೆ 40. ದಿನದ ಡೋಸ್ ಸ್ವಲ್ಪ ಹೆಚ್ಚಿಸಿದರೆ ಸ್ತನ ಕ್ಯಾನ್ಸರ್‌ನ ಕೋಶಗಳಿಗೆ ಪೆಟ್ಟು ಜೋರಾಗಿಯೇ ಬೀಳುತ್ತೆ, ಹಾಗಾಗಿ ಒಟ್ಟು ಡೋಸ್ ಇಳಿಸಬಹುದು. ಬ್ರಿಟನ್ನಿನಲ್ಲಿ ಸಾವಿರಾರು ಹೆಂಗಸರ ಮೇಲೆ ಇದನ್ನು ನೋಡಿದ್ದಾರೆ. 10 ವರ್ಷದ ಫಲಿತಾಂಶ 2013ರಲ್ಲಿ ಬಂತು. 15 ಸಲ ತಗೊಂಡವರಿಗೆ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಗಿರಲಿಲ್ಲ, ಎದೆ ಕುಗ್ಗುವುದು, ಬಾವು ಬರುವುದು ಇನ್ನೂ ಕಡಿಮೆಯೇ ಇತ್ತು. ಕೆನಡಾದವರು 16 ಸಲದ ಪದ್ಧತಿಯಲ್ಲಿ ಇಂಥದೇ ಫಲಿತಾಂಶವನ್ನು 2010ರಲ್ಲೇ ತೋರಿಸಿದ್ದರು.

ಹಾಗಾದರೆ 25 ಇನ್ನೂ ಯಾಕೆ ನಡೀತಿದೆ ಅಂತ ಕೇಳ್ತೀರಿ. ಮೊದಲನೆಯದು ಹಳೇ ಭಯ, ಅದು ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ದಿನದ ಡೋಸ್ ಏರಿಸಿ ಒಟ್ಟು ಡೋಸನ್ನು ತಕ್ಕಷ್ಟು ಇಳಿಸದೆ ಕೊಟ್ಟ ಕಾಲದಲ್ಲಿ ಕೆಲವು ಹೆಂಗಸರ ತೋಳಿನ ನರ ಹಾಳಾಗಿ ಕೈಯೇ ಸ್ವಾಧೀನ ತಪ್ಪಿತ್ತು. ಅದನ್ನು ಓದಿ ಬೆಳೆದ ಡಾಕ್ಟರು ಕೈ ಹಿಂದೆ ಎಳೆದರೆ ನಾನು ಬೈಯೋದಿಲ್ಲ. ಎರಡನೆಯದು, ಆ ಅಧ್ಯಯನಗಳಲ್ಲಿದ್ದವರು ಹೆಚ್ಚಾಗಿ ಬೇಗ ಪತ್ತೆಯಾಗಿ ಗಂಟಷ್ಟೇ ತೆಗೆಸಿಕೊಂಡವರು. ನಮ್ಮ ಕಡೆ ಹೆಂಗಸರು ಗಂಟು ಬೆಳೆದ ಮೇಲೆ ಬರುತ್ತಾರೆ, ಪೂರ್ತಿ ಎದೆ ತೆಗೆದು ಕಂಕುಳಿಗೂ ಚಿಕಿತ್ಸೆ ಬೇಕಾಗುತ್ತೆ. ಅಂಥವರಿಗೂ ಕಡಿಮೆ ಸಿಟ್ಟಿಂಗ್ ಸಾಕು ಅಂತ ಚೀನಾದ ಒಂದು ದೊಡ್ಡ ಅಧ್ಯಯನ ತೋರಿಸಿದ್ದು 2019ರಲ್ಲಿ. ಇಷ್ಟು ಹೊತ್ತಿಗೆ ಗೊತ್ತಾಗಿರಬೇಕಿತ್ತು ಅಲ್ವಾ? ಗೊತ್ತಿದೆ. ಆದರೂ ಕೆಲವರು ಬದಲಾಗಿಲ್ಲ, ಯಾಕಂದರೆ ಬರೆದುಕೊಂಡು ಬಂದ ಪ್ರಿಸ್ಕ್ರಿಪ್ಷನ್ ಕೈಗೆ ರೂಢಿಯಾಗಿಬಿಟ್ಟಿದೆ.

ಇನ್ನು ದುಡ್ಡು. ಸಿಟ್ಟಿಂಗ್ ಲೆಕ್ಕದಲ್ಲಿ ಬಿಲ್ ಆಗುವ ಕಡೆ 25ರಿಂದ 15ಕ್ಕೆ ಇಳಿದರೆ ಆದಾಯವೂ ಇಳಿಯುತ್ತೆ. ಅಮೆರಿಕದಲ್ಲಿ ಈ ಪದ್ಧತಿ ನಿಧಾನವಾಗಿ ಹರಡಿದ್ದಕ್ಕೆ ಇದೂ ಒಂದು ಕಾರಣ ಅಂತ ಅಲ್ಲಿಯವರೇ ಬರೆದಿದ್ದಾರೆ. ನಮ್ಮಲ್ಲಿ ಹಾಗಿಲ್ಲ ಅಂತ ನಾನು ಎದೆ ತಟ್ಟಿ ಹೇಳಲಾರೆ.

ಆಮೇಲೆ ನಿಮ್ಮ ಖರ್ಚು ನೋಡಿ. ಕರೆಂಟಿಗೆ ಹುಬ್ಬಳ್ಳಿಗೆ ಹೋಗುವುದಾದರೆ ಗದಗದಿಂದ ಸುಮಾರು 60 ಕಿಲೋಮೀಟರ್. 25 ಸಲ ಹೋಗಿ ಬಂದರೆ 3000 ಕಿಲೋಮೀಟರ್, 15 ಸಲಕ್ಕೆ 1800. ಶಕ್ತಿ ಯೋಜನೆಯಲ್ಲಿ ಅವ್ವನಿಗೆ ಟಿಕೆಟ್ ಇಲ್ಲ, ಸರಿ. ಆದರೆ ಜೊತೆಗೆ ಹೋಗುವ ನಿಮಗಿದೆ, ನಿಮ್ಮ ದಿನದ ಪಗಾರೂ ಹೋಗುತ್ತೆ. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲೇ. ಅರ್ಧಕ್ಕೆ ಬಿಟ್ಟ 25ಕ್ಕಿಂತ ಮುಗಿಸಿದ 15 ಎಷ್ಟೋ ಮೇಲು.

25 ಅಂದ ಡಾಕ್ಟರ ಹತ್ತಿರ ಹೋಗಿ, 'ಸರ್, ಅವ್ವನಿಗೆ 15 ಯಾಕೆ ಆಗೋದಿಲ್ಲ?' ಅಂತ ಕೇಳಿ. ಕಾರಣ ಇದ್ದರೆ ಹೇಳುತ್ತಾರೆ, ಇರಲೂಬಹುದು. ಗಂಟು ಇದ್ದ ಜಾಗಕ್ಕೆ ಬೂಸ್ಟ್ ಅಂತ ಇನ್ನೊಂದಿಷ್ಟು ಸಲ ಸೇರಿಸುವುದುಂಟು, ಅದನ್ನು ಕೂಡಿಸಿ ಹೇಳಿದ್ದಾರೋ ಬಿಟ್ಟು ಹೇಳಿದ್ದಾರೋ ಅದನ್ನೂ ಕೇಳಿ. 'ನಮ್ಮಲ್ಲಿ ಮೊದಲಿಂದಲೂ ಹೀಗೇ' ಅನ್ನುವ ಉತ್ತರ ಬಂದರೆ 15 ಅಂದವರ ಹತ್ತಿರ ಹೋಗಿ.

ಪ್ರಶ್ನೆ: ನನಗೆ 46. ಎಡಗಡೆ ಎದೆ ತೆಗೆದಿದ್ದಾರೆ, ಕಂಕುಳಲ್ಲೂ ಗಂಟು ಇದ್ದವಂತೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದೆ, ಈಗ ಕೈ ಮೇಲೆ ಎತ್ತೋಕೆ ಆಗೋದಿಲ್ಲ. ಫಾರಿನ್‌ನಲ್ಲಿ ಐದೇ ದಿನದಲ್ಲಿ ಕರೆಂಟ್ ಮುಗಿಸುತ್ತಾರೆ ಅಂತ ಮಗಳು ಮೊಬೈಲಿನಲ್ಲಿ ತೋರಿಸಿದಳು. ನಮಗೆ ಯಾಕೆ ಇಲ್ಲ? (ಬ್ಯಾಡಗಿಯ ಓದುಗರು)

ಉತ್ತರ: ಅಕ್ಕಾ, ಮಗಳು ತೋರಿಸಿದ್ದು ಸುಳ್ಳಲ್ಲ. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಇದ್ದರು. 26 ಗ್ರೇಯನ್ನು ಐದು ದಿನದಲ್ಲಿ ಕೊಟ್ಟರೂ ಐದು ವರ್ಷದ ನಂತರದ ಫಲಿತಾಂಶ 15 ಸಲ ಕೊಟ್ಟಷ್ಟೇ ಚೆನ್ನಾಗಿದೆ ಅಂತ 2020ರಲ್ಲಿ ಗೊತ್ತಾಯಿತು. ಕೊರೊನಾ ಸಮಯದಲ್ಲಿ ಅಲ್ಲಿ ಬಹಳ ಬೇಗ ಬಳಕೆಗೂ ಬಂತು. ಆದರೆ ಆ ಫಲಿತಾಂಶ ಕಂಕುಳಿಗೆ ಕರೆಂಟ್ ಬೇಡದವರದ್ದು. ನಿಮಗೆ ಅದು ಬೇಕಾಗಬಹುದು, ಹಾಗಾಗಿ ನಿಮ್ಮ ಡಾಕ್ಟರು 15 ಅಂದರೆ ಒಪ್ಪಿಕೊಳ್ಳಿ. ನಮ್ಮ ದೇಶದ ಹೆಂಗಸರಿಗೆ ಐದು ಸಾಕೇ ಅಂತ ನೋಡಲು ಕೋಲ್ಕತ್ತಾದ ಟಾಟಾ ಮೆಡಿಕಲ್ ಸೆಂಟರ್‌ನವರೂ ಅಧ್ಯಯನ ಕೈಗೊಂಡಿದ್ದಾರೆ.

ಐದು ದಿನದ್ದಕ್ಕೆ ಮಷೀನೂ ಚೆನ್ನಾಗಿರಬೇಕು. ದಿನಕ್ಕೆ 5.2 ಗ್ರೇ ಕೊಡುವಾಗ ಒಂದು ದಿನ ಜಾಗ ತಪ್ಪಿದರೆ ಐದರಲ್ಲೊಂದು ಪಾಲು ತಪ್ಪಿದ ಹಾಗೆ. ಮಲಗಿದ ಜಾಗ ಸರಿಯಿದೆಯೇ ಅಂತ ಕರೆಂಟಿಗೆ ಮುಂಚೆ ಮಷೀನಿನಲ್ಲೇ ಚಿತ್ರ ತೆಗೆದು ನೋಡುವ ಸೌಲಭ್ಯ ಇರಬೇಕು, ನೋಡುವ ಜನರೂ ಇರಬೇಕು.

ನನಗೆ ಇದಕ್ಕಿಂತ ಚಿಂತೆ ನಿಮ್ಮ ಕೈದು. ಕರೆಂಟ್ ಕೊಡುವಾಗ ತೋಳನ್ನು ತಲೆಯ ಮೇಲಕ್ಕೆ ಎತ್ತಿ, ಹಿಡಿಕೆ ಹಿಡಿದು, ಅಲುಗಾಡದೆ ಮಲಗಬೇಕು. ಕೈ ಏಳದಿದ್ದರೆ ಸಿ.ಟಿ. ಪ್ಲಾನಿಂಗೇ, ಅಂದರೆ ಕರೆಂಟ್ ಎಲ್ಲಿ ಬೀಳಬೇಕು ಅಂತ ಗುರುತಿಸಲು ಮೊದಲು ಮಾಡುವ ಸ್ಕ್ಯಾನೇ, ಮುಂದಕ್ಕೆ ಹೋಗುತ್ತೆ, ಯಾವ ಹೊಸ ಮಷೀನ್ ಇದ್ದರೂ ಕೆಲಸಕ್ಕೆ ಬರೋದಿಲ್ಲ. ಆಪರೇಷನ್ ಮಾಡಿದವರನ್ನೋ ಫಿಸಿಯೋದವರನ್ನೋ ಒಂದು ಮಾತು ಕೇಳಿ ಇವತ್ತೇ ಶುರು ಮಾಡಿ: ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸುತ್ತಾ ಹೋಗುವುದು, ಎಲ್ಲಿಗೆ ಮುಟ್ಟಿತೋ ಅಲ್ಲಿ ಸೀಮೆಸುಣ್ಣದ ಗೆರೆ, ಮಾರನೇ ದಿನ ಅದಕ್ಕಿಂತ ಒಂದಿಷ್ಟು ಮೇಲೆ. ತೋಳು ಬಾತಿದ್ದರೆ ಮೊದಲು ತೋರಿಸಿ.

ಎಡಗಡೆ ಅಂದಿರಿ, ಅದರ ಹಿಂದೆಯೇ ಹೃದಯ. ದೀರ್ಘ ಉಸಿರೆಳೆದು ಹಿಡಿದರೆ ಪುಪ್ಪುಸ ತುಂಬಿ ಹೃದಯ ಸ್ವಲ್ಪ ದೂರ ಸರಿಯುತ್ತೆ, ಆ ಹೊತ್ತಿನಲ್ಲಿ ಮಾತ್ರ ಕರೆಂಟ್ ಬಿಡುವ ಪದ್ಧತಿ ಇದೆ. ನಿಮಗೆ ಅದು ಆಗುತ್ತಾ ಅಂತ ಕೇಳಿ. ಅಂದಾಜು 20 ಸೆಕೆಂಡ್ ಉಸಿರು ಹಿಡಿಯಬೇಕು, ಮನೆಯಲ್ಲಿ ರೂಢಿ ಮಾಡಿಕೊಳ್ಳಿ. ಉಸಿರು ಎಳೆಯಿರಿ, ಹಿಡಿಯಿರಿ ಅಂತ ಮೈಕಿನಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳಿದರೆ 'ಕನ್ನಡದಾಗ ಹೇಳ್ರಿ' ಅನ್ನೋಕೆ ಸಂಕೋಚ ಬೇಡ.

ಪ್ರಶ್ನೆ: ನಮ್ಮ ವೈನಿಗೆ (ಅತ್ತಿಗೆಗೆ) ಬಲಗಡೆ ಸ್ತನ ಕ್ಯಾನ್ಸರ್, ಬೇಗ ಸಿಕ್ಕಿದೆ. ಪ್ರೋಟಾನ್ ಕೊಡಿಸೋಣ, ಬೇಕಾದರೆ ಎರಡು ಎಕರೆ ಮಾರೋಣ ಅಂತ ಅಣ್ಣ ಹಟ ಹಿಡಿದಿದ್ದಾನೆ. (ಧಾರವಾಡದ ಓದುಗರು)

ಉತ್ತರ: ಮಾರಬೇಡಿ. ಪ್ರೋಟಾನ್ ಅಂದರೆ ಇನ್ನೊಂದು ಬಗೆಯ ಕರೆಂಟ್. ಅದರ ಕಿರಣ ಒಂದು ಆಳಕ್ಕೆ ಹೋಗಿ ಅಲ್ಲೇ ನಿಲ್ಲುತ್ತೆ, ಅದೇ ಅದರ ಗುಣ. ಮಕ್ಕಳ ಕ್ಯಾನ್ಸರ್‌ಗೆ, ಮಿದುಳಿನ ಬುಡದ ಗೆಡ್ಡೆಗಳಿಗೆ ಅದರಿಂದ ಉಪಯೋಗ ಉಂಟು. ಚೆನ್ನೈನ ಖಾಸಗಿ ಆಸ್ಪತ್ರೆಯೊಂದರಲ್ಲಿ 2019ರಿಂದ ಇದೆ, ನವಿಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರು 2023ರಲ್ಲಿ ಶುರು ಮಾಡಿದರು. ಆದರೆ ಸ್ತನ ಕ್ಯಾನ್ಸರ್‌ನಲ್ಲಿ ಪ್ರೋಟಾನ್ ಮಾತು ಬರುವುದೇ ಮುಖ್ಯವಾಗಿ ಹೃದಯ ಉಳಿಸಲು, ನಿಮ್ಮ ವೈನಿಯದ್ದು ಬಲಗಡೆ. ಬೇಗ ಪತ್ತೆಯಾಗಿದೆ ಅಂದಮೇಲೆ ಪೂರ್ತಿ ಎದೆಗೆ ಕೊಡುವ ಬದಲು ಗಂಟಿದ್ದ ಭಾಗಕ್ಕಷ್ಟೇ ಕರೆಂಟ್ ಕೊಟ್ಟರೆ ಸಾಕಾ ಅಂತ ಕೇಳಿ ನೋಡಿ. ವಯಸ್ಸು, ಗಂಟಿನ ಅಳತೆ, ಕಂಕುಳ ರಿಪೋರ್ಟ್ ನೋಡಿ ಹೇಳುತ್ತಾರೆ. ಅಣ್ಣನನ್ನೂ ಜೊತೆಗೆ ಕರ್ಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.