ಬದು ಎಷ್ಟು ಮೀಟರ್ ಅನ್ನುವುದು ಆಮೇಲೆ, ನೀರು ಎಲ್ಲಿ ಹೋಯಿತು ಅಂತ ಮೊದಲು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೇಸಾಯ ನಡೆಯುತ್ತಲೇ ಇರುವ ಜಮೀನುಗಳಲ್ಲಿ ಮೂರು ವರ್ಷದಿಂದ ಬದು ಹಾಕಿಸಿದ್ದೀರಿ, ಮಣ್ಣು ಬರಿದಾಗಿ ಬಿಡದಂತೆ ಮುಚ್ಚಿಡುವ ಹೊದಿಕೆ ಬೆಳೆ ಬೆಳೆಸಿದ್ದೀರಿ, ಅಂಚಿನಲ್ಲಿ ಗಿಡ ನೆಟ್ಟಿದ್ದೀರಿ. ಇದರಿಂದ ಮಣ್ಣಿಗೆ, ನೀರಿಗೆ, ಹುಳಹಪ್ಪಟೆ ಹಕ್ಕಿಗಳಿಗೆ ನಿಜವಾಗಿ ಒಳ್ಳೆಯದಾಯಿತಾ ಅಂತ ಈಗ ವರದಿ ಬರೆಯಬೇಕು. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಮಳೆ ಬೀಳುವಾಗ ಹೊಲಕ್ಕೆ ಹೋಗುವುದರಿಂದ ಶುರು ಮಾಡಿ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಣ ದಿನ ನೋಡಿಯೇ ಹೋಗುತ್ತಿದ್ದೆ. ಟೇಪು ಹಿಡಿದು ಬದು ಅಳೆಯುವುದು, ಬದುಕಿರುವ ಗಿಡ ಎಣಿಸುವುದು, ಫಾರಂ ತುಂಬಿಸುವುದು, ಅಷ್ಟೇ. ಒಂದು ಜಮೀನಿಗೆ ಹಾಗೇ ಪೂರ್ತಿ ಅಂಕ ಕೊಟ್ಟಿದ್ದೆ. ಮುಂದಿನ ಸಲ ಹೋದಾಗ ಜೋರು ಮಳೆ. ಬದುವಿನ ಉದ್ದಕ್ಕೂ ತುಂಬಿ ನಿಂತ ನೀರು ಒಂದೇ ಒಂದು ತಗ್ಗು ಜಾಗದಲ್ಲಿ ಒಡೆದುಕೊಂಡು ನುಗ್ಗುತ್ತಿತ್ತು, ಕೆಳಗೆ ಮೊಣಕಾಲು ಆಳದ ಕೊರಕಲು ಬಿದ್ದಿತ್ತು. ಬದು ಇಲ್ಲದಿದ್ದರೆ ಆ ನೀರು ಹೊಲದ ತುಂಬ ಹರಡಿಕೊಂಡು ಹೋಗುತ್ತಿತ್ತು, ಇಷ್ಟು ಹಾನಿ ಆಗುತ್ತಿರಲಿಲ್ಲ. ಹೆಚ್ಚುವರಿ ನೀರು ಹೋಗಲು ಕಲ್ಲು ಕಟ್ಟಿದ ದಾರಿ ಇಟ್ಟಿದ್ದಾರಾ ಅಂತ ನಾನು ನೋಡಿಯೇ ಇರಲಿಲ್ಲ, ಫಾರಂನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಅಂದಿನಿಂದ ಮಾಡಿದ ಕೆಲಸದ ಲೆಕ್ಕವನ್ನೂ ಅದರಿಂದ ಆದ ಫಲದ ಲೆಕ್ಕವನ್ನೂ ಬೇರೆ ಬೇರೆ ಪುಟದಲ್ಲಿ ಬರೆಯುತ್ತೇನೆ. ನೀವೂ ಹಾಗೇ ಮಾಡಿ.

ಮಳೆಯಲ್ಲಿ ಹೋದಾಗ ಹೊಲದಿಂದ ಹೊರಗೆ ಹರಿಯುವ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ತಳದಲ್ಲಿ ಎಷ್ಟು ಹೂಳು ಕೂತಿತು ನೋಡಿ. ಇದು ಯಾಕೆ ಬೇಕು ಅಂದರೆ, ಒಂದು ಹೆಕ್ಟೇರಿನ ಮೇಲಿಂದ 1 ಮಿಲಿಮೀಟರ್ ಮಣ್ಣು ಹೋದರೆ ಅದು ಸುಮಾರು 12-13 ಟನ್ ಆಗುತ್ತದೆ, ಆದರೆ ಹೊಲದಲ್ಲಿ ನಿಂತು ನೋಡುವವರಿಗೆ ಆ 1 ಮಿಲಿಮೀಟರ್ ಕಾಣಿಸುವುದೇ ಇಲ್ಲ.

ನೀರು ಇಂಗುವುದನ್ನೂ ಸುಲಭವಾಗಿ ಅಳೆಯಬಹುದು. 15 ಸೆಂಟಿಮೀಟರ್ ಅಗಲದ ಒಂದು ಪೈಪಿನ ತುಂಡನ್ನು ಅರ್ಧ ಮಣ್ಣಿಗೆ ಹೊಡೆಯಿರಿ, ಒಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ 440 ಮಿಲಿಲೀಟರ್ ನೀರು ಸುರಿದು ಹಾಳೆಯನ್ನು ಮೆಲ್ಲಗೆ ಎಳೆದುಬಿಡಿ. ಅದು 2.5 ಸೆಂಟಿಮೀಟರ್ ಮಳೆಗೆ ಸಮ. ಮೊದಲ ಸಲದ ಸಮಯವನ್ನು ನಂಬಬೇಡಿ, ಒಣ ಮಣ್ಣು ಹೇಗಿದ್ದರೂ ಬೇಗ ಕುಡಿಯುತ್ತದೆ. ಅಷ್ಟೇ ನೀರು ಎರಡನೇ ಸಲ ಸುರಿದಾಗ ಎಷ್ಟು ನಿಮಿಷ ಬೇಕಾಯಿತು ಅನ್ನುವುದನ್ನು ಬರೆದುಕೊಳ್ಳಿ. ಹೊದಿಕೆ ಬೆಳೆ ಇದ್ದ ಕಡೆ, ಇಲ್ಲದ ಕಡೆ, ಟ್ರ್ಯಾಕ್ಟರ್ ಗಾಲಿ ಓಡಾಡಿದ ಕಡೆ, ಎಲ್ಲ ಕಡೆಯೂ ಮಾಡಿ.

ಇನ್ನು ಹೋಲಿಕೆ. ಇದನ್ನು ಬಿಟ್ಟರೆ ವರದಿ ಬರೆದೂ ಪ್ರಯೋಜನವಿಲ್ಲ. ಶುರುವಿಗೆ ಮುಂಚೆ ಅಳತೆ ತೆಗೆದಿದ್ದೀರಾ? ಇಲ್ಲದಿದ್ದರೆ ಅದೇ ಮಣ್ಣು, ಅದೇ ಇಳಿಜಾರು, ಅದೇ ಬೆಳೆ ಇರುವ, ನೀವು ಕೈ ಹಾಕದ ಜಮೀನನ್ನು ಜೊತೆಗಿಟ್ಟು ನೋಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ಹೀಗೆ ಜೋಡಿ ಮಾಡಿದ 78 ಜೋಡಿ ಹೊಲಗಳ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಪರಿಸರ ಕಾಪಾಡಲು ರೈತರಿಗೆ ಹಣ ಕೊಟ್ಟು ಒಪ್ಪಂದ ಮಾಡಿಕೊಂಡ ಹೊಲಗಳು ಒಂದು ಕಡೆ, ಮಾಮೂಲಿ ಹೊಲಗಳು ಇನ್ನೊಂದು ಕಡೆ. ಗಿಡ ಮತ್ತು ಹಕ್ಕಿಗಳ ಜಾತಿ ಸಂಖ್ಯೆಯಲ್ಲಿ ಲಾಭವೇ ಕಾಣಲಿಲ್ಲ. ಜೇನ್ನೊಣಗಳಂಥವು ಮಾತ್ರ ಸ್ವಲ್ಪ ಜಾಸ್ತಿ ಇದ್ದವು. ಜೋಡಿ ಹೊಲ ಇಲ್ಲದೆ ಬರೀ ಒಪ್ಪಂದದ ಹೊಲಕ್ಕೆ ಹೋಗಿ ಹಕ್ಕಿ ಎಣಿಸಿದ್ದರೆ ಎಲ್ಲ ಚೆನ್ನಾಗಿದೆ ಅಂತಲೇ ಅನ್ನಿಸುತ್ತಿತ್ತು, ಅಲ್ವಾ?

ಇಂಗಾಲದ ಬಗ್ಗೆ ಕೇಳಿಯೇ ಕೇಳುತ್ತಾರೆ, ಹಾಗಾಗಿ ಎಚ್ಚರ. ಹೆಕ್ಟೇರಿನ ಮೇಲಿನ 30 ಸೆಂಟಿಮೀಟರ್ ಮಣ್ಣು ಹತ್ತಿರ ಹತ್ತಿರ 3,900 ಟನ್ ತೂಗುತ್ತದೆ. ಸಾವಯವ ಇಂಗಾಲ ಶೇ 0.8ರಿಂದ 0.9ಕ್ಕೆ ಏರಿದರೆ ಅದೇ ಸುಮಾರು 4 ಟನ್, ಕಾಗದದ ಮೇಲೆ ದೊಡ್ಡ ಸಾಧನೆ. ಆದರೆ ಒಂದೇ ಹೊಲದಲ್ಲಿ ನಾಲ್ಕು ಹೆಜ್ಜೆ ಆಚೆಗೆ ಅಗೆದರೂ ಅಷ್ಟು ವ್ಯತ್ಯಾಸ ಸಿಗಬಹುದು. ಉಳುಮೆ ನಿಲ್ಲಿಸಿದ ಹೊಲದಲ್ಲಿ ಇಂಗಾಲ ಮೇಲಿನ ಪದರದಲ್ಲೇ ಸೇರಿಕೊಳ್ಳುತ್ತದೆ, ಆದ್ದರಿಂದ 10 ಸೆಂಟಿಮೀಟರ್ ಮಾತ್ರ ಅಗೆದರೆ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ಅದೇ ಆಳದಲ್ಲಿ ಜಾಸ್ತಿ ಮಣ್ಣು ಬರುತ್ತದೆ, ಅದೂ ಲೆಕ್ಕ ಕೆಡಿಸುತ್ತದೆ. ಹಾಗಾಗಿ ತುಂಬ ಕಡೆ ಅಗೆಯಿರಿ, ಆಳ ಬರೆಯಿರಿ, ಗೊತ್ತಿರುವ ಗಾತ್ರದ ಮಣ್ಣನ್ನು ಒಣಗಿಸಿ ತೂಗಿ. ಮೂರು ವರ್ಷಕ್ಕೆ ಇಂಗಾಲ ಹೆಚ್ಚಾಯಿತು ಅಂತ ಘೋಷಿಸುವ ಆಸೆ ನಿಮಗಿದ್ದರೆ ದಯವಿಟ್ಟು ಬಿಡಿ. ಒಣ ಹೆಂಟೆಯನ್ನು ನೀರಿಗೆ ಹಾಕಿದಾಗ ಕರಗಿ ಬೀಳುತ್ತದಾ, ಗಟ್ಟಿಯಾಗಿ ನಿಲ್ಲುತ್ತದಾ ಅನ್ನುವುದು ಅದಕ್ಕಿಂತ ಬೇಗ ಬದಲಾಗುತ್ತದೆ, ಅದನ್ನು ತೋರಿಸಿ.

ಒಂದೇ ಅಳತೆಯನ್ನು ಹಿಡಿದು ಕೂತರೂ ಮೋಸ ಹೋಗುತ್ತೇವೆ. ಅಮೆರಿಕದ ಈರಿ ಸರೋವರದ ಸುತ್ತ ಉಳುಮೆ ಕಡಿಮೆ ಮಾಡಿದ್ದರಿಂದ ಮಣ್ಣಿನ ಜೊತೆ ಕೊಚ್ಚಿಹೋಗುವ ರಂಜಕ (ಗೊಬ್ಬರದಲ್ಲಿರುವ ಫಾಸ್ಫರಸ್) ಇಳಿಯಿತು. ಆದರೆ 1990ರ ದಶಕದ ನಡುವಿನಿಂದ ನೀರಿನಲ್ಲಿ ಕರಗಿದ ರಂಜಕ ಏರತೊಡಗಿತು. ಉಳದ ಮಣ್ಣಿನ ಮೇಲೆ ಎರಚಿದ ಗೊಬ್ಬರ ಕೆಳಗೆ ಬೆರೆಯದೆ ಮೇಲೇ ಉಳಿದದ್ದು ಅದಕ್ಕೆ ಒಂದು ಕಾರಣ. ಸರೋವರದಲ್ಲಿ ಹಬ್ಬಿ ನೀರು ಕೆಡಿಸುವ ಪಾಚಿಗೆ ಸುಲಭವಾಗಿ ಸಿಗುವುದು ಈ ಕರಗಿದ ರಂಜಕವೇ. ಬಾಟಲಿಯಲ್ಲಿ ನೀರು ತಿಳಿಯಾಗಿ ಕಂಡಿತು ಅಂತ ಅಷ್ಟಕ್ಕೇ ನಿಲ್ಲಬೇಡಿ, ಗೊಬ್ಬರ ಯಾವಾಗ, ಹೇಗೆ ಹಾಕಿದರು ಅಂತಲೂ ಕೇಳಿ.

ಕೇಳುವುದು ಅಂದೆನಲ್ಲ, ರೈತರ ಜೊತೆ ಕೂತು ಮಾತಾಡುವುದನ್ನು ಕೊನೆಯ ಹತ್ತು ನಿಮಿಷಕ್ಕೆ ತಳ್ಳಬೇಡಿ. ಅದು ಅವರ ಅನ್ನದ ಜಮೀನು. ಬದುವಿಗೆ ಎಷ್ಟು ಸಾಲು ಬೆಳೆ ಹೋಯಿತು, ಹೊದಿಕೆ ಬೆಳೆ ಕತ್ತರಿಸುವ ಕೆಲಸ ಬಿತ್ತನೆ ಹೊತ್ತಿಗೇ ಬಂದು ತೊಂದರೆ ಆಯಿತಾ, ಸಹಾಯಧನ ನಿಂತರೂ ಮುಂದುವರಿಸುತ್ತೀರಾ, ಇಷ್ಟನ್ನಾದರೂ ಕೇಳಿ, ಉತ್ತರ ಹಾಗೇ ಬರೆದುಕೊಳ್ಳಿ. ಮುಂದಿನ ವರ್ಷ ಕಿತ್ತು ಹಾಕುತ್ತೇನೆ ಅಂದರೆ ಅದನ್ನೂ ವರದಿಯಲ್ಲಿ ಹಾಕಬೇಕು. ಮೇಲಿನವರಿಗೆ ಇಷ್ಟವಾಗದಿದ್ದರೂ ಹಾಕಬೇಕು. ಯಾವುದು ಕೆಲಸ ಮಾಡಲಿಲ್ಲ ಅಂತ ನೀವು ಬರೆಯದಿದ್ದರೆ ಅದೇ ತಪ್ಪು ಇನ್ನೂ ನೂರು ಜಮೀನುಗಳಿಗೆ ಹೋಗುತ್ತದೆ.

ಇನ್ನೊಂದು ಮಾತು, ಮರೆಯುವ ಮುಂಚೆ. ಫೋಟೋ ತೆಗೆದ ಜಾಗಕ್ಕೆ ಗೂಟ ಹೊಡೆದು ಗುರುತು ಇಡಿ, ಪ್ರತಿ ವರ್ಷ ಅದೇ ತಿಂಗಳು ಅಲ್ಲೇ ನಿಂತು ತೆಗೆಯಿರಿ. ಮಣ್ಣಿನ ಮಾದರಿಯಲ್ಲಿ ಒಂದು ಪಾಲನ್ನು ಒಣಗಿಸಿ, ಚೀಟಿ ಅಂಟಿಸಿ, ಬಾಟಲಿಯಲ್ಲಿ ಎತ್ತಿಡಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಹೀಗೆ ಇಟ್ಟ ಮಾದರಿಗಳಿವೆ, ಆಗ ಯಾರೂ ಯೋಚಿಸದಿದ್ದ ಪ್ರಶ್ನೆಗಳಿಗೆ ಇವತ್ತಿಗೂ ಅದರಿಂದ ಉತ್ತರ ಹುಡುಕುತ್ತಾರೆ. ನಿಮಗೆ ಬೇಕಾಗುವುದು ಒಂದು ಕಪಾಟು ಮತ್ತು ಅಳಿಸದ ಶಾಯಿಯ ಪೆನ್ನು.