ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂಬುದು ನಿಜವೇ? ಮಕ್ಕಳಿಗೆ ಅದರ ಯಾವ ಆಟಗಾರರ ಬಗ್ಗೆ ಹೇಳಬೇಕು?

ಮಗಳ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಹಾಕಿಯೇ ರಾಷ್ಟ್ರೀಯ ಕ್ರೀಡೆ ಎಂದಿದೆ, ಬೇರೆ ಕಡೆ ಹಾಗೇನೂ ಇಲ್ಲ ಎಂದಿದೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಜೊತೆಗೆ ಅವಳಿಗೆ ಯಾರ ಯಾರ ಬಗ್ಗೆ ಹೇಳಿಕೊಡಬಹುದು ಎಂದೂ ಕೇಳಿದ್ದೀರಿ. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. 2012ರಲ್ಲಿ ಲಖನೌದ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನಡಿ ಇದೇ ಪ್ರಶ್ನೆಯನ್ನು ಕೇಂದ್ರ ಸರ್ಕಾರಕ್ಕೆ ಕೇಳಿದಳು. ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ ಎಂದು ಕ್ರೀಡಾ ಸಚಿವಾಲಯ ಲಿಖಿತವಾಗಿ ಉತ್ತರಿಸಿತು. ಹಾಗಾಗಿ ಕಾಗದದ ಮಟ್ಟಿಗೆ ನಿಮ್ಮ ಮಗಳ ಪುಸ್ತಕ ತಪ್ಪು. ಆದರೆ ಪರೀಕ್ಷೆಯಲ್ಲಿ ಅವಳು ಏನು ಬರೆಯಬೇಕು ಎಂಬುದನ್ನು ಅವಳ ಶಿಕ್ಷಕರನ್ನೇ ಕೇಳುವುದು ಕ್ಷೇಮ. ನಾನೂ ಶಾಲೆಯಲ್ಲಿ ಹಾಕಿ ಎಂದೇ ಬರೆದು ಅಂಕ ಪಡೆದವನು.

ಘೋಷಣೆಯೇ ಇಲ್ಲದ ಸಂಗತಿಯನ್ನು ಮೂರು ನಾಲ್ಕು ತಲೆಮಾರು ನಂಬಿಕೊಂಡು ಬಂದದ್ದೇಕೆ ಎಂಬುದು ಇದಕ್ಕಿಂತ ಸ್ವಾರಸ್ಯದ ಪ್ರಶ್ನೆ. 1928ರ ಆಮ್‌ಸ್ಟರ್‌ಡ್ಯಾಮ್‌ನಿಂದ 1956ರ ಮೆಲ್ಬರ್ನ್‌ವರೆಗೆ ಭಾರತ ಸತತವಾಗಿ ಆರು ಒಲಿಂಪಿಕ್ ಚಿನ್ನ ಗೆದ್ದಿತು. 1960ರ ರೋಮ್ ಫೈನಲ್‌ನಲ್ಲಿ ಪಾಕಿಸ್ತಾನ 1-0ರಿಂದ ಸೋಲಿಸುವವರೆಗೆ ಒಲಿಂಪಿಕ್ಸ್‌ನಲ್ಲಿ ಆಡಿದ ಮೂವತ್ತು ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಬೇರಾವ ಆಟದಲ್ಲೂ ದೇಶಕ್ಕೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲದ ಕಾಲ ಅದು. ಇಂದಿಗೂ ಹಾಕಿಯ ಲೆಕ್ಕ ಎಂಟು ಚಿನ್ನ, ಒಂದು ಬೆಳ್ಳಿ, ನಾಲ್ಕು ಕಂಚು. ಪಠ್ಯಪುಸ್ತಕ ಬರೆದವರು ಸರ್ಕಾರದ ಆದೇಶಕ್ಕಾಗಿ ಕಾಯದೆ ಈ ಲೆಕ್ಕವನ್ನು ನೋಡಿಯೇ ಬರೆದರು ಎಂದು ನನ್ನ ಊಹೆ.

ಆದರೂ ‘ರಾಷ್ಟ್ರೀಯ’ ಎಂಬ ಪದದ ಬಗ್ಗೆ ನನ್ನದೊಂದು ತಕರಾರಿದೆ. ಹಾಕಿಯನ್ನು ಇಡೀ ದೇಶ ಎಂದೂ ಆಡಲಿಲ್ಲ. ದೇಶದ ಬೆರಳೆಣಿಕೆಯ ಮೂಲೆಗಳು ಇಡೀ ದೇಶದ ಪರವಾಗಿ ಅದನ್ನು ಆಡಿಕೊಂಡು ಬಂದವು. ದಂಡುಪ್ರದೇಶಗಳು, ರೈಲ್ವೆ ಕಾಲೊನಿಗಳು, ಜಲಂಧರದ ಪಕ್ಕದ ಸಂಸಾರ್‌ಪುರ, ಜಾರ್ಖಂಡ್ ಮತ್ತು ಒಡಿಶಾದ ಗಡಿಯ ಸಿಮ್‌ಡೇಗಾ ಹಾಗೂ ಸುಂದರ್‌ಗಢ, ನಮ್ಮಲ್ಲಿ ಕೊಡಗು. ದೊಡ್ಡ ಆಟಗಾರರ ಕಥೆ ಹೇಳಹೊರಟರೆ ಈ ಊರುಗಳ ಕಥೆಯನ್ನೂ ಹೇಳಬೇಕಾಗುತ್ತದೆ.

ಮೊದಲ ಹೆಸರು ಧ್ಯಾನ್ ಚಂದ್ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. 1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಹುಟ್ಟಿ, ಝಾನ್ಸಿಯಲ್ಲಿ ಬೆಳೆದು, ಹದಿನೇಳರ ಹರೆಯದಲ್ಲಿ ಸಿಪಾಯಿಯಾಗಿ ಸೇನೆ ಸೇರಿದವರು. ಹಾಕಿ ಕಲಿತದ್ದು ಪಲ್ಟನ್ನಿನಲ್ಲೇ. 1928ರ ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದ 29 ಗೋಲುಗಳಲ್ಲಿ 14 ಅವರವು, ಮತ್ತು ಆ ಕೂಟದಲ್ಲಿ ಭಾರತಕ್ಕೆ ಎದುರಾಳಿಗಳಿಂದ ಬಿದ್ದ ಗೋಲು ಸೊನ್ನೆ. ಅವರ ಸ್ಟಿಕ್ಕಿನಲ್ಲಿ ಅಯಸ್ಕಾಂತ ಇದೆಯೇ ಎಂದು ಮುರಿದು ನೋಡಿದರು, ಹಿಟ್ಲರ್ ಕರೆದು ಸೇನೆಯಲ್ಲಿ ಹುದ್ದೆ ಕೊಡುತ್ತೇನೆಂದ ಎಂಬ ಕಥೆಗಳನ್ನು ಮಗಳಿಗೆ ಹೇಳುವುದಾದರೆ ಕಥೆ ಎಂದೇ ಹೇಳಿ. ನಡೆದದ್ದೇ ಸಾಕಷ್ಟು ರೋಚಕವಾಗಿದೆ. 1936ರ ಬರ್ಲಿನ್‌ನಲ್ಲಿ ಕೂಟಕ್ಕೆ ಮುಂಚಿನ ಅಭ್ಯಾಸ ಪಂದ್ಯದಲ್ಲಿ ಜರ್ಮನಿ ನಮ್ಮವರನ್ನು 4-1ರಿಂದ ಸೋಲಿಸಿತ್ತು. ಫೈನಲ್‌ನಲ್ಲಿ ಎದುರಾಳಿ ಮತ್ತೆ ಅದೇ ಜರ್ಮನಿ. ಮಳೆಯಿಂದಾಗಿ ಪಂದ್ಯ ಒಂದು ದಿನ ಮುಂದಕ್ಕೆ ಹೋಗಿ ಆಗಸ್ಟ್ 15ಕ್ಕೆ ಬಂತು. ಬ್ರಿಟಿಷ್ ಇಂಡಿಯಾದ ಹೆಸರಿನಲ್ಲಿ ಆಡುತ್ತಿದ್ದ ತಂಡ ಮೈದಾನಕ್ಕಿಳಿಯುವ ಮುನ್ನ ಡ್ರೆಸ್ಸಿಂಗ್ ರೂಮಿನಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ ವಂದಿಸಿತು. ವಿರಾಮದ ಹೊತ್ತಿಗೆ 1-0 ಇದ್ದದ್ದು ಕೊನೆಗೆ 8-1 ಆಯಿತು. ಸರಿಯಾಗಿ ಹನ್ನೊಂದು ವರ್ಷಗಳ ನಂತರ ಅದೇ ತಾರೀಖಿನಂದು ದೇಶ ಸ್ವತಂತ್ರವಾದದ್ದು ಕಾಕತಾಳೀಯ, ಆದರೆ ಮಕ್ಕಳಿಗೆ ಇಸವಿ ನೆನಪಿಡಲು ಅನುಕೂಲ.

ಅವರ ತಮ್ಮ ರೂಪ್ ಸಿಂಗ್ ಅಣ್ಣನ ನೆರಳಿನಲ್ಲಿ ಮರೆತುಹೋದ ಆಟಗಾರ. 1932ರ ಲಾಸ್ ಏಂಜಲೀಸ್‌ನಲ್ಲಿ ಭಾರತ ಅಮೆರಿಕವನ್ನು 24-1ರಿಂದ ಸೋಲಿಸಿದಾಗ ಹತ್ತು ಗೋಲು ಹೊಡೆದದ್ದು ಈ ತಮ್ಮನೇ, ಅಣ್ಣ ಹೊಡೆದದ್ದು ಎಂಟು. ಸಚಿನ್ ತೆಂಡೂಲ್ಕರ್ 2010ರಲ್ಲಿ ಪುರುಷರ ಏಕದಿನ ಕ್ರಿಕೆಟ್‌ನ ಮೊದಲ ದ್ವಿಶತಕ ಬಾರಿಸಿದ ಗ್ವಾಲಿಯರ್ ಮೈದಾನದ ಹೆಸರು ಕ್ಯಾಪ್ಟನ್ ರೂಪ್ ಸಿಂಗ್ ಕ್ರೀಡಾಂಗಣ. ಅದು ಮೊದಲು ಹಾಕಿ ಮೈದಾನವಾಗಿತ್ತು. ಆ ದಿನ ಟಿವಿ ನೋಡಿದ ಕೋಟ್ಯಂತರ ಜನರಲ್ಲಿ ಆ ಹೆಸರು ಯಾರದೆಂದು ಎಷ್ಟು ಮಂದಿಗೆ ಹೊಳೆಯಿತೋ.

1928ರ ತಂಡದ ನಾಯಕ ಜೈಪಾಲ್ ಸಿಂಗ್ ಮುಂಡಾ ಆದಿವಾಸಿ, ಆಕ್ಸ್‌ಫರ್ಡ್‌ನಲ್ಲಿ ಓದಿದವರು. ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯಾದ ಐಸಿಎಸ್‌ನ ತರಬೇತಿಯನ್ನು ಲೆಕ್ಕಿಸದೆ ಒಲಿಂಪಿಕ್ಸ್‌ಗೆ ಹೋದವರು. ಮುಂದೆ ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಗಟ್ಟಿಯಾಗಿ ಮಾತಾಡಿದವರೂ ಇವರೇ. ಇವರ ನಾಡಿನ ಕಡೆಯಿಂದಲೇ ಮೈಕೆಲ್ ಕಿಂಡೊ, ಮೂರು ಒಲಿಂಪಿಕ್ಸ್ ಆಡಿದ ದಿಲೀಪ್ ಟಿರ್ಕಿ, ಈಗ ಮಹಿಳಾ ತಂಡದ ಸಲೀಮಾ ಟೇಟೆ ಬಂದರು. ಆಂಗ್ಲೋ ಇಂಡಿಯನ್ನರದು ಇನ್ನೊಂದು ಸಾಲು. ಲೆಸ್ಲಿ ಕ್ಲಾಡಿಯಸ್ 1948ರಿಂದ 1960ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಸಂಸಾರ್‌ಪುರದ ಉಧಮ್ ಸಿಂಗ್ ಅವರದೂ ಅಷ್ಟೇ ಪದಕ. ಆ ಒಂದೇ ಹಳ್ಳಿಯಿಂದ ಡಜನ್‌ಗೂ ಹೆಚ್ಚು ಒಲಿಂಪಿಯನ್ನರು ಬಂದಿದ್ದಾರೆ.

ನನಗೆ ವೈಯಕ್ತಿಕವಾಗಿ ಎಲ್ಲಕ್ಕಿಂತ ದೊಡ್ಡದೆನಿಸುವುದು 1948ರ ಲಂಡನ್ ಚಿನ್ನ. ದೇಶ ಎರಡಾಗಿತ್ತು, ಆಟಗಾರರೂ ಹಂಚಿಹೋಗಿದ್ದರು. 1936ರಲ್ಲಿ ಧ್ಯಾನ್ ಚಂದ್ ಜೊತೆ ಭಾರತಕ್ಕೆ ಆಡಿದ್ದ ಅಲಿ ದಾರಾ ಈಗ ಪಾಕಿಸ್ತಾನದ ನಾಯಕ. ಸ್ವತಂತ್ರವಾಗಿ ಒಂದು ವರ್ಷವೂ ತುಂಬದ ದೇಶದ ತಂಡ, ಕಿಶನ್ ಲಾಲ್ ನಾಯಕತ್ವದಲ್ಲಿ, ಆಗಸ್ಟ್ 12ರಂದು ವೆಂಬ್ಲಿಯಲ್ಲಿ ಬ್ರಿಟನ್ನನ್ನು 4-0ರಿಂದ ಸೋಲಿಸಿತು. ಆಳಿದವರ ನೆಲದಲ್ಲೇ ತ್ರಿವರ್ಣ ಧ್ವಜ ಏರಿತು. ಅಂದು ಎರಡು ಗೋಲು ಹೊಡೆದ ಬಲ್ಬೀರ್ ಸಿಂಗ್ ಸೀನಿಯರ್ 1952ರ ಹೆಲ್ಸಿಂಕಿ ಫೈನಲ್‌ನಲ್ಲಿ ನೆದರ್ಲೆಂಡ್ಸ್ ಮೇಲೆ ಐದು ಗೋಲು ಹೊಡೆದರು. ಪುರುಷರ ಒಲಿಂಪಿಕ್ ಫೈನಲ್‌ನಲ್ಲಿ ಆ ದಾಖಲೆ ಇನ್ನೂ ಹಾಗೇ ಇದೆ.

ಆಮೇಲೆ ಇಳಿತ ಬಂತು. 1975ರಲ್ಲಿ ಅಜಿತ್ ಪಾಲ್ ಸಿಂಗ್ ಮುಂದಾಳತ್ವದ ತಂಡ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಿತು. ಫೈನಲ್‌ನ ನಿರ್ಣಾಯಕ ಗೋಲು ಹೊಡೆದದ್ದು ಧ್ಯಾನ್ ಚಂದ್ ಅವರ ಮಗ ಅಶೋಕ್ ಕುಮಾರ್. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆದಾಗ ಅದೇ ಭಾರತ ಏಳನೇ ಸ್ಥಾನಕ್ಕೆ ಕುಸಿಯಿತು. ಹುಲ್ಲಿನ ಮೇಲೆ ಚೆಂಡು ಪುಟಿಯುತ್ತದೆ, ನಿಧಾನವಾಗುತ್ತದೆ. ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು, ಮಣಿಕಟ್ಟು ತಿರುಗಿಸಿ ಇಬ್ಬರು ಮೂವರನ್ನು ದಾಟಿಸುವುದೇ ನಮ್ಮವರ ವಿದ್ಯೆ. ನೀರು ಹಾಯಿಸಿದ ಟರ್ಫ್, ಅಂದರೆ ಕೃತಕ ಹಾಸಿನ ಮೇಲೆ ಚೆಂಡು ಗೆರೆ ಎಳೆದಂತೆ ಓಡುತ್ತದೆ, ಅಲ್ಲಿ ವೇಗ ಮತ್ತು ದಮ್ಮಿಗೇ ಬೆಲೆ. ಯೂರೋಪಿನ ಕ್ಲಬ್ಬುಗಳು ಟರ್ಫ್ ಹಾಸಿಕೊಂಡವು. ನಮ್ಮ ಹಳ್ಳಿ ಹುಡುಗನಿಗೆ ಕಲಿಯುವ ವಯಸ್ಸು ಮುಗಿಯುವ ಹೊತ್ತಿಗೆ ಟರ್ಫ್‌ನ ದರ್ಶನವಾಗುತ್ತಿತ್ತು. 1980ರ ಮಾಸ್ಕೋದ ಎಂಟನೇ ಚಿನ್ನವನ್ನು, ಹಲವು ಬಲಿಷ್ಠ ದೇಶಗಳು ಬಹಿಷ್ಕರಿಸಿದ್ದರಿಂದ, ಕೆಲವರು ಅರೆ ಬೆಲೆಗೆ ಎಣಿಸುತ್ತಾರೆ. ಆ ತಂಡದ ಮೊಹಮ್ಮದ್ ಶಾಹಿದ್ ಚೆಂಡನ್ನು ಸ್ಟಿಕ್ಕಿನಲ್ಲೇ ಆಡಿಸುತ್ತ ಸಾಗುವ ಡ್ರಿಬ್ಲಿಂಗ್ ನೋಡಿದವರು ಹಾಗೆ ಹೇಳಲಾರರು. ಆದರೆ ಎಲ್ಲವನ್ನೂ ಟರ್ಫ್ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಹಾಸು ಬದಲಾಗಿ ಮೂವತ್ತೆರಡು ವರ್ಷಗಳ ನಂತರ, 2008ರಲ್ಲಿ, ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯದೆ ಹೋದದ್ದಕ್ಕೆ ಅದು ನೆಪವಾಗದು.

ಇನ್ನು ನಮ್ಮ ಕರ್ನಾಟಕದವರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ತಂದ ತಂಡದ ನಾಯಕ ಎಂ.ಪಿ. ಗಣೇಶ್, 1975ರ ತಂಡದ ಬಿ.ಪಿ. ಗೋವಿಂದ, ಮಾಸ್ಕೋ ಚಿನ್ನದ ಎಂ.ಎಂ. ಸೋಮಯ್ಯ, ಇವರೆಲ್ಲ ಕೊಡಗಿನವರು. 2016ರ ರಿಯೋ ತಂಡದಲ್ಲಂತೂ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂದು ಕರ್ನಾಟಕದ ನಾಲ್ವರಿದ್ದರು. ಐದು ವರ್ಷ ಕಳೆದು ಟೋಕಿಯೊದಲ್ಲಿ ನಲವತ್ತೊಂದು ವರ್ಷಗಳ ಒಲಿಂಪಿಕ್ ಪದಕದ ಬರ ನೀಗಿದಾಗ ಪುರುಷರ ತಂಡದಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಆ ಸಂತೋಷದ ನಡುವೆಯೂ ಇದು ನನ್ನನ್ನು ಚುಚ್ಚಿತು ಎಂದು ಒಪ್ಪಿಕೊಳ್ಳುತ್ತೇನೆ.

ಕೊಡಗಿನಲ್ಲಿ ಆಟಗಾರರು ಹುಟ್ಟುವುದು ಹೇಗೆಂದು ನೋಡಬೇಕಾದರೆ ಬೇಸಿಗೆಯಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿಗೆ ಹೋಗಬೇಕು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಇದನ್ನು ಪ್ರತಿ ವರ್ಷ ಒಂದೊಂದು ಒಕ್ಕ, ಅಂದರೆ ಒಂದು ಮನೆಹೆಸರಿನ ಕುಟುಂಬ, ವಹಿಸಿಕೊಂಡು ನಡೆಸುತ್ತದೆ. ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳು ಆಡುತ್ತವೆ. ನಾನು ಕೊಡವನಲ್ಲ, ಗೆಳೆಯನ ಒಕ್ಕದ ಪಂದ್ಯವೆಂದು ನಾಪೋಕ್ಲುವಿಗೆ ಹೋಗಿದ್ದೆ. ಬಲಗಡೆ ಓಡುತ್ತಿದ್ದವನು ಕಾಲೇಜು ಹುಡುಗ, ಅವನ ಹಿಂದೆ ನಿವೃತ್ತ ಸುಬೇದಾರರಾದ ಅವನ ದೊಡ್ಡಪ್ಪ, ಗೋಲಿನ ಬಳಿ ಜಡೆಯನ್ನು ಎತ್ತಿ ಕಟ್ಟಿಕೊಂಡ ಚಿಕ್ಕಮ್ಮ. ದೊಡ್ಡಪ್ಪನಿಗೆ ಓಡಲಾಗುತ್ತಿರಲಿಲ್ಲ. ಆದರೆ ಚೆಂಡು ಬಂದಾಗ ಸ್ಟಿಕ್ಕನ್ನು ನೆಲಕ್ಕೆ ವಾಲಿಸಿ, ಸದ್ದೇ ಇಲ್ಲದೆ ನಿಲ್ಲಿಸಿ, ತಲೆ ಎತ್ತದೆ ಹುಡುಗನಿದ್ದ ಕಡೆಗೇ ತಳ್ಳುತ್ತಿದ್ದರು. ಪಂದ್ಯ ಸೋತರು. ಊಟದ ಹೊತ್ತಿಗೆ ಚಿಕ್ಕಮ್ಮ ಮಾತ್ರ, ಗೋಲಿನ ಮುಂದಿನ ಡಿ ವೃತ್ತದೊಳಗೆ ಚೆಂಡು ಕಾಲಿಗೆ ತಗುಲಿಸಿಕೊಂಡು ಎದುರಾಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲು ಹೊಡೆಯುವ ವಿಶೇಷ ಅವಕಾಶ, ಕೊಟ್ಟವನನ್ನು ಬಿಡದೆ ಬಯ್ಯುತ್ತಲೇ ಇದ್ದರು.

ಮಗಳಿಗೆ ಎಂದಿರಿ, ಆದ್ದರಿಂದ ಮಹಿಳೆಯರನ್ನು ಬಿಡುವಂತಿಲ್ಲ. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಮತ್ತು ಅವರ ಇಬ್ಬರು ಸೋದರಿಯರು 1960ರ ದಶಕದಲ್ಲಿ ಮೈಸೂರು ರಾಜ್ಯದ ತಂಡವನ್ನು ದೇಶದ ಅಗ್ರತಂಡವಾಗಿ ಇರಿಸಿದ್ದರು, ಎಲ್ವೆರಾ ಅವರಿಗೆ ಅರ್ಜುನ ಪ್ರಶಸ್ತಿಯೂ ಬಂತು. ಹರಿಯಾಣದ ಶಾಹಾಬಾದಿನ ರಾಣಿ ರಾಂಪಾಲ್ ಹದಿನೈದರ ವಯಸ್ಸಿನಲ್ಲಿ ವಿಶ್ವಕಪ್ ಆಡಿದವರು. ಅವರ ನಾಯಕತ್ವದ ತಂಡ ಟೋಕಿಯೊದಲ್ಲಿ ಆಸ್ಟ್ರೇಲಿಯಾವನ್ನು 1-0ರಿಂದ ಸೋಲಿಸಿ ನಾಲ್ಕನೆಯದಾಗಿ ಬಂತು.

ಅದೇ ಟೋಕಿಯೊದಲ್ಲಿ, 2021ರ ಆಗಸ್ಟ್ 5ರಂದು, ಕಂಚಿನ ಪದಕದ ಪಂದ್ಯದಲ್ಲಿ ಪುರುಷರ ತಂಡ ಜರ್ಮನಿ ಎದುರು 1-3ರಿಂದ ಹಿಂದಿದ್ದು 5-4ಕ್ಕೆ ಏರಿತು. ಕೊನೆಯ ಆರೇಳು ಸೆಕೆಂಡು ಉಳಿದಿರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲಿನಲ್ಲಿದ್ದ ಪಿ.ಆರ್. ಶ್ರೀಜೇಶ್ ಅದನ್ನು ತಡೆದು, ಆಮೇಲೆ ಗೋಲಿನ ಕಂಬಗಳ ಮೇಲೇರಿ ಕುಳಿತರು. 2024ರ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಬಂತು, ಹತ್ತು ಗೋಲು ಹೊಡೆದ ನಾಯಕ ಹರ್ಮನ್‌ಪ್ರೀತ್ ಸಿಂಗ್ ಆ ಕೂಟದಲ್ಲೇ ಅತಿ ಹೆಚ್ಚು ಗೋಲು ಗಳಿಸಿದವರು.

ಹೆಸರುಗಳನ್ನು ಬಾಯಿಪಾಠ ಮಾಡಿಸುವ ಮೊದಲು ಅವಳಿಗೊಂದು ಪೆನಾಲ್ಟಿ ಕಾರ್ನರ್ ತೋರಿಸಿ. ಬೆಂಗಳೂರಿನಲ್ಲಿದ್ದರೆ ಅಕ್ಕಿತಿಮ್ಮನಹಳ್ಳಿಯ ಹಾಕಿ ಕ್ರೀಡಾಂಗಣಕ್ಕೆ ಪಂದ್ಯವಿರುವ ದಿನ ಕರೆದೊಯ್ಯಿರಿ. ಹಿಂಗೆರೆಯಿಂದ ಒಬ್ಬ ಚೆಂಡು ತಳ್ಳುತ್ತಾನೆ, ಡಿ ವೃತ್ತದ ಅಂಚಿನ ಹೊರಗೆ ಇನ್ನೊಬ್ಬ ನಿಲ್ಲಿಸುತ್ತಾನೆ, ಮೂರನೆಯವನು ಸ್ಟಿಕ್ಕಿಗೆ ತಗುಲಿಸಿಕೊಂಡೇ ಅದನ್ನು ಎಳೆದು ಎಸೆಯುತ್ತಾನೆ. ಬೀಸಿ ಹೊಡೆದರೆ ಆ ಮೊದಲ ಹೊಡೆತ ಗೋಲಿನ ಹಲಗೆಯ ಎತ್ತರ, ಅಂದರೆ 46 ಸೆಂಟಿಮೀಟರ್, ಮೀರುವಂತಿಲ್ಲ. ಎಳೆದೆಸೆದರೆ ಆ ಮಿತಿಯಿಲ್ಲ, ಡ್ರ್ಯಾಗ್ ಫ್ಲಿಕ್ ಎಂಬ ವಿದ್ಯೆ ಬೆಳೆದದ್ದೇ ಈ ಸಂದಿನಲ್ಲಿ. ಗೋಲಿನ ಹಿಂದಿನ ಬಲೆಯ ಪಕ್ಕ, ಸ್ವಲ್ಪ ದೂರದಲ್ಲಿ ಕೂರಿಸಿ. ಚೆಂಡು ಹಲಗೆಗೆ ಬಡಿದಾಗ ಗುಂಡು ಹಾರಿದಂತೆ ಸದ್ದಾಗುತ್ತದೆ, ಮೊದಲೇ ಹೇಳಿರಿ, ಬೆಚ್ಚಿಬಿದ್ದಾಳು.