ಒಂದು ಕಪ್ ಅಂದ್ರೆ 250 ಗ್ರಾಂ ಅಲ್ಲ ರೀ
ಮೈಸೂರ್‌ಪಾಕ್ ರೆಸಿಪೀಲಿ 1 ಕಪ್ ಕಡ್ಲೆಹಿಟ್ಟು, 2 ಕಪ್ ಸಕ್ಕರೆ, 2 ಕಪ್ ತುಪ್ಪ ಅಂತಿದ್ದಿದ್ನ ನೀವು 250, 500, 500 ಗ್ರಾಂ ಅಂತ ತೂಕ ಹಾಕ್ಬಿಟ್ರಲ್ಲ, ಮೈಸೂರ್‌ಪಾಕ್ ಹಿಟ್ಟುಹಿಟ್ಟಾಗಿದ್ದು ಅದಕ್ಕೇ. ಕಪ್ ಅನ್ನೋದು ಅಳತೆ, ತೂಕ ಅಲ್ಲ, ನಮ್ಮಜ್ಜಿ ಪಾವಲ್ಲಿ ಅಕ್ಕಿ ಅಳೀತಿದ್ರಲ್ಲ ಹಾಗೆ. 240 ಎಂಎಲ್ ಕಪ್ಪಲ್ಲಿ ಸಕ್ಕರೆ 200 ಗ್ರಾಂ ಹತ್ರ ಬರುತ್ತೆ, ತುಪ್ಪ ನೀರಿಗಿಂತ ಹಗುರ, ಕರಗಿಸಿದ್ದು ಸುಮಾರು 220 ಗ್ರಾಂ, ಆದ್ರೆ ಜರಡಿ ಹಿಡಿದ ಕಡ್ಲೆಹಿಟ್ಟು 100 ಗ್ರಾಂ ಕೂಡ ಆಗಲ್ಲ, ಯಾಕಂದ್ರೆ ಅದರಲ್ಲಿ ಗಾಳೀನೇ ಜಾಸ್ತಿ. ಅದೇ ಹಿಟ್ಟನ್ನ ಕಪ್ಪಿಗೆ ಒತ್ತಿ ತುಂಬಿದ್ರೆ ಇನ್ನೂ 20 ಗ್ರಾಂ ಈಸಿಯಾಗಿ ಹಿಡಿಯುತ್ತೆ, ಹಾಗಾಗಿ ನೆಟ್ಟಲ್ಲಿ ಒಬ್ಬೊಬ್ರು ಒಂದೊಂದು ಲೆಕ್ಕ ಹೇಳ್ತಾರೆ. ಅಂದ್ರೆ ನೀವು ಆ 500 ಗ್ರಾಂ ಸಕ್ಕರೆಗೆ ಬೇಕಾಗಿದ್ದಕ್ಕಿಂತ ಹೆಚ್ಚುಕಮ್ಮಿ ಡಬಲ್ ಹಿಟ್ಟು ಹಾಕಿದ್ದೀರ.

ತೂಕದ ಸ್ಕೇಲ್ ಇದೆ ಅಂದ್ರಲ್ಲ, ಹಂಗಾದ್ರೆ ಮನೆ ಲೋಟ ಅದರ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನ ತನಕ ನೀರು ತುಂಬಿ, ಎಷ್ಟು ಗ್ರಾಂ ತೋರಿಸುತ್ತೋ ಅಷ್ಟೇ ಎಂಎಲ್ ಲೋಟ ಅದು. ಆದ್ರೆ ನಿಜ ಹೇಳ್ಬೇಕಂದ್ರೆ ಈ ಸ್ವೀಟಿಗೆ ಸ್ಕೇಲೇ ಬೇಡ, ಮೂರಕ್ಕೂ ಒಂದೇ ಲೋಟ ಇಟ್ಕೊಳ್ಳಿ, ಹಿಟ್ಟು ಮಾತ್ರ ಒತ್ತಬೇಡಿ.